ಅಂಜಲ್ ಮೀನಿನ ತಲೆ

ಹಿಂದೆ ಒಬ್ಬ ಜರ್ಮನ್ ಪಂಡಿತ ಹಣದ ಬಗ್ಗೆ, ಗಂಡಸರೇ ಒಟ್ಟಾಗಿ ಬಾಳುವ ಮನೆಗಳ ಬಗ್ಗೆ ದಪ್ಪ ಪುಸ್ತಕಗಳನ್ನು ಬರೆದಿದ್ದ. ಮಂಗಳೂರಿನ ಕಾಲೇಜಿನಲ್ಲಿ ಮೇಷ್ಟ್ರು ಆ ಪಾಠ ಮಾಡುವಾಗ ನಾನು ತೂಕಡಿಸುತ್ತಿದ್ದೆ. ನೆನಪಿನಲ್ಲಿ ಉಳಿದದ್ದು ಎರಡೇ ಮಾತು. ಹೊರಗಿನವರ ಜೊತೆ ವ್ಯಾಪಾರಕ್ಕೆ ಒಂದು ಹಣ, ತಮ್ಮವರ ನಡುವೆ ಮಾತ್ರ ನಡೆಯುವ ಹಣ ಇನ್ನೊಂದು. ಮತ್ತೆ, ಮದುವೆಯಾಗದ ಗಂಡಸರದ್ದೇ ಒಂದು ಮನೆ ಇರುತ್ತದೆ, ಮದುವೆಯಾದವನು ಅಲ್ಲಿಂದ ಹೊರಬೀಳುತ್ತಾನೆ.

ಮಸ್ಕತ್ತಿಗೆ ಬಂದು ಅಲ್ ಹೈಲ್‌ನ ಬ್ಯಾಚುಲರ್ ರೂಮು ಸೇರಿದ ಮೇಲೆ ನನಗೆ ಆ ಮಹಾರಾಯನ ಮೇಲೆ ಗೌರವ ಹುಟ್ಟಿತು. ತುಳುವಿನವರು ನಾವು ಮೂವರು, ಕೊಂಕಣಿಯ ಹಿರಿಯ ಅಣ್ಣ ಒಬ್ಬರು. ಹಾಗಾಗಿ ರೂಮಿನ ಭಾಷೆ ಕನ್ನಡ. ಹೊರಗೆ ರಿಯಾಲ್ ನಡೆಯುತ್ತಿತ್ತು, ಒಳಗೆ ಅಂಜಲ್ ಮೀನಿನ ತಲೆ. ವಾರವಿಡೀ ಪಾತ್ರೆ ತೊಳೆದವನಿಗೆ ಶುಕ್ರವಾರದ ಸಾರಿನಲ್ಲಿ ಅದು ಮೀಸಲು. ಹೊಸತರಲ್ಲಿ ನಾನು, ಒಂದು ರಿಯಾಲ್ ಕೊಡುತ್ತೇನೆ, ತಲೆ ನನಗಿರಲಿ ಎಂದಿದ್ದೆ. ಅಣ್ಣ ಸೌಟು ಎತ್ತಿದರು. "ದುಡ್ಡು ಕಿಸೆಯಲ್ಲಿ ಇಡು ಮಾರಾಯ. ಹೋಗಿ ಪಾತ್ರೆ ತಿಕ್ಕು, ಯಲ್ಲಾ, ಬೇಗ!"

ಅಲ್ಲಿ ಯಾರೂ ಯಾರಿಗೂ ಬಡಿಸುತ್ತಿರಲಿಲ್ಲ. ನೆಲಕ್ಕೆ ಪೇಪರ್ ಹಾಸಿ ಪಾತ್ರೆ ನಡುವೆ ಇಟ್ಟರೆ ಅವರವರೇ ಹಾಕಿಕೊಳ್ಳಬೇಕು. ಬಡಿಸುವುದು ನೆಂಟರಿಗೆ ಮಾತ್ರ.

ಹೋದ ವರ್ಷ ನನ್ನ ಮದುವೆಯಾಯಿತು. ಹೆಂಡತಿ ಬಂದಳು, ಅಲ್ ಗುಬ್ರಾದಲ್ಲಿ ಫ್ಲ್ಯಾಟ್ ಹಿಡಿದೆವು. ಪಂಡಿತನ ಎರಡನೆಯ ಮಾತನ್ನು ಸುಳ್ಳು ಮಾಡಿಯೇ ತೀರುತ್ತೇನೆಂಬ ಹಟ ನನಗೆ. ರೂಮಿನ ಕೀಲಿಕೈ ಕೊಡದೆ ಇಟ್ಟುಕೊಂಡೆ. ಆ ನಾಲ್ಕು ಗೋಡೆಗಳ ನಡುವೆ ನನ್ನ ಜಾಗ ಹೋಗಬಾರದಿತ್ತು.

"ಗಂಡನ ಮನೆಗೆ ಬಂದದ್ದು ನಾನು. ತವರುಮನೆ ಬಿಟ್ಟವರ ಹಾಗೆ ಮಾಡುದು ನೀವು!" ಎಂದು ಹೆಂಡತಿ ನಕ್ಕಳು.

ಮೊದಲ ಶುಕ್ರವಾರವೇ ಹೋದೆ. ನಾನೇ ಬೀಗ ತೆಗೆದು ಒಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತರು. ಇದ್ದ ಒಂದೇ ಕುರ್ಚಿ ನನ್ನ ಮುಂದೆ ಬಂತು. ಅಣ್ಣ ತಾವೇ ಸೌಟು ಹಿಡಿದು ಬಡಿಸಿದರು. ನನ್ನ ತಟ್ಟೆಯಲ್ಲಿ ಅಂಜಲ್ ತಲೆ.

"ಅಣ್ಣಾ, ಇದು ನನ್ನದಲ್ಲ. ನಾನು ಪಾತ್ರೆ ತೊಳೆದಿಲ್ಲ."

"ತಿನ್ನು ಮಾರಾಯ. ಅಪರೂಪಕ್ಕೆ ಬಂದದ್ದಲ್ವಾ?"

ನಾನು ರೂಮು ಬಿಟ್ಟು ಒಂದು ವಾರವಾಗಿತ್ತು ಅಷ್ಟೆ. ಊಟವಾದದ್ದೇ ಸಾರಿನ ಪಾತ್ರೆ ಎತ್ತಿಕೊಂಡು ಸಿಂಕಿನ ಕಡೆ ನಡೆದೆ. ಆ ವಾರದ ಸರದಿಯವನು ಓಡಿ ಬಂದು ಕಸಿದುಕೊಂಡ.

"ಬಿಡಿ ಬಿಡಿ, ನೀವು ಕೈ ತೊಳ್ಕೊಳ್ಳಿ ಸಾಕು."

ಹೊರಡುವಾಗ ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ. ಇಟ್ಟುಕೋ ಎಂದು ಯಾರೂ ಹೇಳಲಿಲ್ಲ.