ಬಸಳೆ ಹಬ್ಬಿದ ಸೇಬಿನ ಮರ

ಮೊನ್ನೆ ಬ್ರಹ್ಮಾವರದ ನರ್ಸರಿಯೊಂದರಲ್ಲಿ, ಕುಂಡದಲ್ಲಿ ಕೋಲು ಊರಿದಂತೆ ನಿಂತ ಗಿಡವೊಂದು ಕಂಡಿತು. ಒಂದು ಗೆಲ್ಲು, ಒಂದು ಕೊಂಬೆಯೂ ಇಲ್ಲ. ಎಲೆಗಳೆಲ್ಲ ಕಾಂಡಕ್ಕೇ ಅಂಟಿಕೊಂಡಿದ್ದವು. ಚೀಟಿ ಓದುವ ಮೊದಲೇ ಸೇಬು ಎಂದು ಗೊತ್ತಾಯಿತು. ಕೋಟೇಶ್ವರದ ನಮ್ಮ ಆಚೆಮನೆಯ ಮಾವ ನೆನಪಾದರು...

ಅವರು ಉತ್ತರದ ಚಳಿನಾಡಿನಲ್ಲಿ ಹಣ್ಣಿನ ತಳಿ ಬೆಳೆಸುವ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಬಂದವರು. ಬರುವಾಗ ಒಂದು ಸಸಿ ತಂದಿದ್ದರು. ಕಂಬದಂತೆ ನೆಟ್ಟಗೆ ಬೆಳೆಯುವ ಸೇಬಿನ ಪರಾಗವನ್ನು, ಸೆಕೆ ತಾಳುವ ಸೇಬಿನ ಹೂವಿಗೆ ಮುಟ್ಟಿಸಿ ಪಡೆದ ಬೀಜದ ಸಸಿ. ಅಂಥ ಬೀಜಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕಂಬದ ಗುಣ ಪಡೆಯುತ್ತವಂತೆ. ಅದು ಎಳವೆಯಲ್ಲೇ ತಿಳಿಯುತ್ತದೆ. ನಮ್ಮ ಸೆಕೆಗೆ ಹೂ ಬಿಡುತ್ತದೋ ಇಲ್ಲವೋ ತಿಳಿಯಲು ಮಾತ್ರ ವರ್ಷಗಟ್ಟಲೆ ಕಾಯಬೇಕು. ಆ ಹೂವನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವರಿಗಿದ್ದ ಆಸೆ. ನಮ್ಮಿಬ್ಬರ ಮನೆಯ ನಡುವಿನ ಬೇಲಿಗೆ ತಾಗಿ ನೆಟ್ಟರು.

“ಹ್ವಾಯ್, ಗೆಲ್ಲೇ ಇಲ್ದಿದ್ ಮರಕ್ಕೆ ಹಣ್ಣ್ ಎಲ್ಲ್ ಬತ್ತ್?” ಎಂದು ಅಮ್ಮ ಕಾಲೆಳೆದಳು.

“ಮೈತುಂಬ ಬತ್ತ್ ಅಕ್ಕ. ಕಾಂಬ.”

ನಮ್ಮಲ್ಲಿ ಆಗುವುದಿಲ್ಲ ಎನ್ನಲು ಬಾಯಿ ಬಾರದವರೂ ‘ಕಾಂಬ’ ಎಂದು ಜಾರಿಕೊಳ್ಳುತ್ತಾರೆ. ಅವರು ಮಾತ್ರ ನಿಜವಾಗಿಯೂ ನೋಡೋಣ ಎಂದೇ ಹೇಳುತ್ತಿದ್ದರು.

ಹೀಗೇ ಕೆಲವು ವರ್ಷಗಳಾದವು. ಒಂದು ದೀಪಾವಳಿ ಕಳೆದ ಮೇಲೆ ಮೈ ಹುಷಾರಿಲ್ಲದೆ ಬೈಂದೂರಿನ ಮಗಳ ಮನೆಗೆ ಹೋದರು. ಇತ್ತ ಮರ ಎಲೆಯೆಲ್ಲ ಉದುರಿಸಿತು. ಸತ್ತೇ ಹೋಯಿತು, ಕೋಲಾದರೂ ಉಪಯೋಗಕ್ಕೆ ಬರಲಿ ಎಂದು ಅಮ್ಮ ಅದಕ್ಕೆ ಬಸಳೆ ಹಬ್ಬಿಸಿದಳು. ಮಾವ ಮರಳಿ ಬರಲಿಲ್ಲ. ಬೈಂದೂರಿನಲ್ಲೇ ತೀರಿಕೊಂಡರು.

ಕೆಲವು ವಾರಗಳ ನಂತರ ಸಾರಿಗೆಂದು ಬಸಳೆ ಕೊಯ್ಯುತ್ತಿದ್ದ ಅಮ್ಮ ಎಲೆಯ ನಡುವೆ ಏನನ್ನೋ ಕಂಡು ನಿಂತಳು. ಕಾಂಡಕ್ಕೆ ಒತ್ತಿಕೊಂಡು ಒಂದು ಗೊಂಚಲು, ತುಸು ಗುಲಾಬಿ ಬೆರೆತ ಬಿಳಿ ಹೂ. ಅವಳು ಬೇಲಿಯತ್ತ ತಿರುಗಿ ಕೂಗಿಯೇಬಿಟ್ಟಳು:

“ಹ್ವಾಯ್, ಹೂ ಬಿಟ್ಟಿತ್!”

ಆಚೆಮನೆಗೆ ಬೀಗ ಹಾಕಿತ್ತು. ಅಮ್ಮ ಅಲ್ಲೇ ಕುಳಿತು ಅತ್ತಳು.

ಮುಂದಿನ ಮಳೆಗೆ ಬೇರು ಕೊಳೆತು ಮರ ಸತ್ತಿತು. ಕಸಿ ಕಟ್ಟಿ ಉಳಿಸಿಕೊಳ್ಳಲು ನಮಗ್ಯಾರಿಗೂ ಬರುತ್ತಿರಲಿಲ್ಲ...

ನರ್ಸರಿಯ ಆ ಗಿಡವನ್ನು ಮನೆಗೆ ತಂದೆ. ಇದು ಮಾವನ ಸಸಿಯಲ್ಲ; ಆ ತಳಿ ಆ ಮರದೊಂದಿಗೇ ಮುಗಿಯಿತು. ಹಳೆಯ ಜಾಗದಲ್ಲೇ ಗುಂಡಿ ತೋಡುತ್ತಿದ್ದಾಗ ಅಮ್ಮ ಬಂದು ನಿಂತಳು.

“ಬಸಳಿ ಈ ಸಲ ಬೇರೆ ಬದಿಗ್ ಹಾಕ್ತೆ” ಎಂದಳು.

ಇದು ಹೂ ಬಿಡುತ್ತದಾ ಎಂದು ಕೇಳಿದೆ. ಅವಳು ಬೇಲಿಯಾಚೆ ನೋಡಿದಳು.

“ಕಾಂಬ.”