ಮಾತ್ರೆ ಬಿಟ್ಟ ಐದು ತಿಂಗಳು

ಗಂಡ ಸತ್ತ ಮೇಲೆ ಕದಿರಮ್ಮ ಬಂಗಾರಪೇಟೆಯಲ್ಲಿದ್ದ ತಮ್ಮ ಮುನಿರಾಜುವಿನ ಮನೆ ಸೇರಿದಳು. ಗಂಡ ಬಿಟ್ಟುಹೋದ ಆಸ್ತಿಯೆಂದರೆ ಎಚ್‌ಐವಿಯೊಂದೇ. ಟೊಮೆಟೊ ಮಂಡಿಯಲ್ಲಿ ಕಾಯಿ ಆರಿಸಿ ಕ್ರೇಟಿಗೆ ತುಂಬುವ ಕೆಲಸ ಹಿಡಿದಳು. ದಿನಕ್ಕೊಂದು ಮಾತ್ರೆ, ಒಂದು ದಿನವೂ ತಪ್ಪಿಸಲಿಲ್ಲ. ಆದರೂ ತಮ್ಮನ ಹೆಂಡತಿ ಭಾನುಪ್ರಿಯ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಮಗಳನ್ನು ಮುಟ್ಟಗೊಡುತ್ತಿರಲಿಲ್ಲ.

ವರ್ಷ ಕಳೆದು, ರಕ್ತಪರೀಕ್ಷೆಯ ಚೀಟಿಯಲ್ಲಿ ವೈರಸ್ 'ಪತ್ತೆಯಾಗಿಲ್ಲ' ಎಂದು ಬಂತು. ಕದಿರಮ್ಮ ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ತೆಗೆದು ನೋಡಿ, ಮನೆಗೆ ಬಂದು ಭಾನುಪ್ರಿಯಳ ಕೈಗಿಟ್ಟಳು.

"ಕಾಯ್ಲೆ ಓಗೇಬುಟ್ಟಿದ್ರೆ ಮಾತ್ರೆ ಯಾಕಕ್ಕಾ ನುಂಗ್ತೀಯಾ? ಬುಟ್ಟು ತೋರ್ಸು, ನಂಬ್ತೀನಿ."

ಮುನಿರಾಜು ಗೋಡೆ ನೋಡುತ್ತಾ ಕೂತಿದ್ದ.

ಕದಿರಮ್ಮ ಬಿಟ್ಟಳು. ಚಿಕಿತ್ಸಾ ಕೇಂದ್ರದಿಂದ ಫೋನ್ ಬಂದಾಗ ಊರಲ್ಲಿಲ್ಲ ಎಂದಳು. ಐದು ತಿಂಗಳು ಆ ಮನೆಯಲ್ಲಿ ಅಕ್ಕನಾಗಿ ಬಾಳಿದಳು. ಮುದ್ದೆ ತಿರುವಿದಳು, ತಮ್ಮನ ಮಗಳಿಗೆ ಜಡೆ ಹೆಣೆದಳು. ಆಮೇಲೆ ಜ್ವರ ಹಿಡಿಯಿತು, ಬಾಯಿ ಹುಣ್ಣಾಯಿತು, ಕ್ರೇಟು ಎತ್ತಲು ತ್ರಾಣವಿಲ್ಲದಾಯಿತು.

ಕೇಂದ್ರಕ್ಕೆ ಹೋದರೆ ವೈರಸ್ಸಿನ ಲೆಕ್ಕ ಲಕ್ಷ ದಾಟಿತ್ತು.

"ಇಲ್ಲ ಅಂತ ನೀವೇ ಬರ್ಕೊಟ್ರಲ್ಲ ಸಾರ್?"

ಆಪ್ತ ಸಮಾಲೋಚಕ ಶ್ರೀಧರ್ ಬೈಯಲಿಲ್ಲ. "ರಕ್ತದಲ್ಲಿ ಸಿಗ್ಲಿಲ್ಲ ಅಂದ್ರೆ ಮೈಯಲ್ಲೇ ಇಲ್ಲ ಅಂತಲ್ಲಮ್ಮ. ಅದು ಬೆಳೆಯೋದನ್ನ ಮಾತ್ರೆ ತಡೀತದೆ. ಕೆಲವು ಜೀವಕೋಶದೊಳಗೆ ಸುಮ್ನೆ ಮಲಗಿರ್ತದೆ, ಅಲ್ಲಿಂದ ಕಿತ್ತಾಕೋ ಔಷಧಿ ಇನ್ನೂ ಬಂದಿಲ್ಲ. ಮಾತ್ರೆ ನಿಲ್ಸಿದ್ರೆ ಎದ್ದು ಕೂರ್ತದೆ. ಅಡುಗೆಯಿಂದ, ಜಡೆ ಹಾಕೋದ್ರಿಂದ ಅಂತೂ ಯಾವತ್ತೂ ಅಂಟಲ್ಲ."

ಸುದ್ದಿ ತಿಳಿದ ದಿನ ಭಾನುಪ್ರಿಯ ಮಗಳ ತಲೆಗೆ ಬಿಸಿನೀರು ಹುಯ್ದು ಗಸಗಸ ತಿಕ್ಕಿದಳು. "ನಂಗೊತ್ತಿತ್ತು, ಇವ್ಳು ಸುಳ್ಳೇಳ್ತಾವ್ಳೆ ಅಂತ." ಕದಿರಮ್ಮನಿಗೆ ಅಳು ಬರಲಿಲ್ಲ. ಭಾನುಪ್ರಿಯಳ ಕೆನ್ನೆಗೆ ಬಾರಿಸಬೇಕೆನಿಸಿತು.

ಮಾತ್ರೆ ಮತ್ತೆ ಶುರುಮಾಡಿ, ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಹಳೇ ಗಣಿಕಾರ್ಮಿಕರ ಸಾಲುಮನೆಯಲ್ಲಿ ಒಂದು ಕೋಣೆ ಹಿಡಿದಳು. ಆರು ತಿಂಗಳಲ್ಲಿ ವೈರಸ್ ಪುನಃ ಅಡಗಿತು. ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ ಮುನಿರಾಜು ಬಂದು ಬಾಗಿಲಾಚೆಯೇ ನಿಂತ.

"ಮಗಳು ಮೈ ನೆರ್ದವ್ಳೆ ಅಕ್ಕಾ. ಬುಧವಾರ ಆರತಿ."

ಕದಿರಮ್ಮ ಎದ್ದಳು. ಆರತಿ ಎತ್ತಬೇಕಾದ ಸೋದರತ್ತೆ ಅವಳೊಬ್ಬಳೇ.

"ನೀನು ಬರ್ದಿದ್ರೇ ವಾಸಿ ಅಂತಾಳೆ ಅವ್ಳು."

"ಇದನ್ನ ಏಳಕ್ಕೆ ಇಷ್ಟು ದೂರ ಬಂದ್ಯೇನ್ಲಾ?"

ಅವನು ಚಪ್ಪಲಿ ಬಿಡಲಿಲ್ಲ. ಅವಳೂ ಒಳಗೆ ಬಾ ಎನ್ನಲಿಲ್ಲ.