ದಿಣ್ಣೆಗೆ ಯಾವ ಇಂಜಿನ್?

ಅಕ್ಕನ ಮಿನಿ ಲಾರಿ ಹೊಸದಾಗಿದ್ದಾಗ ತುಂಬಿದ ಲೋಡಿನೊಂದಿಗೆ ಹೊಸಬಾಳೆಯ ದಿಣ್ಣೆಯನ್ನು ಸರಾಗವಾಗಿ ಹತ್ತಿತ್ತು ಎಂಬುದು ನನ್ನ ನೆನಪು. ಅದು ಒಮ್ಮೆಯೂ ಹತ್ತಿಲ್ಲ ಎಂಬುದು ಭಾವನ ನೆನಪು.

ಭಾವ ಸುತ್ತಲಿನ ರೈತರಿಂದ ಅನಾನಸ್ ಕೊಳ್ಳುತ್ತಾರೆ, ಅಕ್ಕ ಲಾರಿ ಓಡಿಸುತ್ತಾಳೆ. ಹೊಲಗಳಿರುವುದು ತಗ್ಗಿನಲ್ಲಿ. ಟಾರ್ ರಸ್ತೆ ಸೇರಬೇಕಾದರೆ ದಿಣ್ಣೆ ಹತ್ತಬೇಕು. ಲಾರಿ ಅರ್ಧಕ್ಕೆ ನಿಂತರೆ ಲೋಡ್ ಮಾಡಿದವರು, ಭಾವ, ಊರಿಗೆ ಹೋದಾಗ ನಾನೂ ಇಳಿದು ನೂಕುತ್ತೇವೆ. ನೂಕುವವರು ಬಾಯಿ ಮುಚ್ಚಿಕೊಂಡು ನೂಕುವುದಿಲ್ಲ. "ಅಕ್ಕಾ, ಎತ್ತು ಹೊಡ್ಕಂಡು ಬರನಾ?" ಎನ್ನುತ್ತಾರೆ. ಅವಳೂ ನಗುತ್ತಾಳೆ. ಆದರೆ ಯಾರ ಕೈಯೂ ತಾಗದೆ ಒಮ್ಮೆ ಆ ದಿಣ್ಣೆ ಹತ್ತಿಸಬೇಕು ಎಂಬುದು ಅವಳ ಆಸೆ, ಅದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಈ ಬೇಸಿಗೆಯಲ್ಲಿ ಇಂಜಿನ್ ಹೊಗೆ ಉಗುಳತೊಡಗಿತು. ಅಕ್ಕ, ಭಾವ, ನಾನು ಮೂವರೂ ಸೇರಿ ಅದನ್ನು ಶಿಕಾರಿಪುರದ ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ಇಂಜಿನ್ ಬಿಚ್ಚಿ ನೋಡಿ ಎರಡು ದಾರಿ ಹೇಳಿದರು. ಹೊಸ ಪಿಸ್ಟನ್, ಲೈನರ್ ಹಾಕಿ ಕಂಪನಿಯ ಅಳತೆಯಲ್ಲೇ ಮತ್ತೆ ಕಟ್ಟುವುದು ಒಂದು. ಬೇರೆ ಕ್ರ್ಯಾಂಕ್ ಕೂರಿಸಿ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವನ್ನು, ಅಂದರೆ ಸ್ಟ್ರೋಕನ್ನು, ಹೆಚ್ಚಿಸುವುದು ಇನ್ನೊಂದು.

"ಸ್ಟ್ರೋಕ್ ಜಾಸ್ತಿ ಮಾಡಿದ್ರೆ ಎಳೆತ ಚಲೋ ಬರ್ತದ್ರೀ. ಆದ್ರೆ ಗೇರ್‌ಬಾಕ್ಸ್ ಹಳೇದು, ಅದೂ ತಡೀಬೇಕಲ್ರೀ" ಎಂದರು.

"ಸ್ಟ್ರೋಕೇ ಮಾಡ್ರಿ. ದಿಣ್ಣೆ ತಾಪತ್ರಯ ಮುಗೀಲಿ" ಎಂದರು ಭಾವ.

"ಹಳೇ ಅಳತೆ ಸಾಕು ಭಾವ. ಹೊಸದರಲ್ಲಿ ಹತ್ತಿತ್ತಲ್ಲ" ಎಂದೆ.

"ನೀ ಯಾವಾಗ ನೋಡಿದ್ಯ ಮಾರಾಯ? ರಜಕ್ಕೆ ಬಂದು ಸೀಟಲ್ಲಿ ಗೊರಕೆ ಹೊಡೀತಿದ್ದೆ."

ಅಲ್ಲಿಗೆ ನನ್ನ ವಾದ ಸೊರಗಿತು. ನನ್ನ ನೆನಪಿನ ಚಿತ್ರದಲ್ಲಿ ಲಾರಿ ಕೆಂಪು ಧೂಳೆಬ್ಬಿಸುತ್ತ ಹತ್ತುವುದು ಹಿಂದಿನಿಂದ ಕಾಣುತ್ತದೆ. ಸೀಟಿನಲ್ಲಿ ಕೂತವನಿಗೆ ಲಾರಿಯ ಬೆನ್ನು ಕಂಡದ್ದಾದರೂ ಹೇಗೆ? ಅದನ್ನು ನಾನು ನೋಡಿದೆನೋ, ಅಕ್ಕ ಹೇಳಿದ್ದನ್ನು ಕೇಳಿ ಕಟ್ಟಿಕೊಂಡೆನೋ? ಕೊನೆಗೆ ಅವಳನ್ನೇ ಕೇಳಿದೆ.

"ಲೋಡು ಹತ್ತಿತ್ತು. ಕೊಸರು ಹತ್ತಲಿಲ್ಲ" ಎಂದಳು.

ನಮ್ಮಲ್ಲಿ ಎಣಿಕೆ ಮುಗಿದ ಮೇಲೆ ಕೊಳ್ಳುವವನು ಕೊಸರು ಕೇಳುವುದು, ಕೊಡುವವನು ಗೊಣಗುತ್ತಲೇ ನಾಲ್ಕು ಹಣ್ಣು ಹೆಚ್ಚಿಗೆ ಎಸೆಯುವುದು ರೂಢಿ. ಭಾವ ಪ್ರತಿ ಹೊಲದಲ್ಲೂ ಕೇಳುತ್ತಾರೆ. ಊರು ದಾಟುವ ಹೊತ್ತಿಗೆ ಲಾರಿಯ ಮೇಲೆ ಕೊಸರಿನದೇ ಒಂದು ಗುಡ್ಡ.

"ದೊಡ್ಡ ಇಂಜಿನ್ ಹಾಕ್ಸಿದ್ರೆ ಇವ್ರು ಅದ್ಕೂ ಸರಿಯಾಗಿ ಕೊಸರು ಕೇಳ್ತಾರೆ. ಮತ್ತೆ ನೂಕೋದೇ ಆಗ್ತದೆ. ಮೇಸ್ತ್ರೀ, ಹಳೇ ಅಳತೇಲೇ ಕಟ್ಟಿ. ಕೊಸರು ಇವ್ರ ಬೈಕಲ್ಲಿ ಬರ್ಲಿ" ಎಂದಳು ಅಕ್ಕ.

ಮೇಸ್ತ್ರಿ ನಗು ತಡೆಯಲಾರದೆ ಇಂಜಿನ್ನಿನ ಕಡೆ ಮುಖ ತಿರುಗಿಸಿದರು. ಭಾವ ಅತ್ತಿತ್ತ ನೋಡಿದರು, ಆಮೇಲೆ ತಾವೂ ನಕ್ಕರು.

ಇಂಜಿನ್ ಕಟ್ಟಿಸಿಕೊಂಡು ಬಂದ ಮೇಲಿನ ಮೊದಲ ಲೋಡಿಗೆ ನಾನೂ ಹೋಗಿದ್ದೆ. ಭಾವ ಕೊಸರಿನ ಚೀಲವನ್ನು ಬೈಕಿಗೆ ಬಿಗಿದು ಹಿಂದೆ ಬರುತ್ತಿದ್ದರು. ದಿಣ್ಣೆಯ ಬುಡ ಬಂದದ್ದೇ ತಡ, ಯಾರೂ ಹೇಳದೆ ನಾವೆಲ್ಲ ಹಾರಿ ಇಳಿದು ಲಾರಿಯ ಹಿಂದೆ ಕೈ ಚಾಚಿ ನಿಂತೆವು. ಭಾವನೂ ಬೈಕ್ ಸ್ಟ್ಯಾಂಡ್ ಹಾಕಿ ಓಡಿ ಬಂದರು. ಅಕ್ಕ ಗೇರ್ ಬದಲಿಸಿದಳು. ಲಾರಿ ಹೊರಟೇ ಹೋಯಿತು. ನಮ್ಮ ಕೈಗಳು ಗಾಳಿಯಲ್ಲೇ ಉಳಿದವು.

"ನೀವೆಲ್ಲ ಇಳಿದ್ರಲ್ಲ, ಭಾರ ಕಮ್ಮಿಯಾತು, ಅದ್ಕೇ ಹತ್ತಿದ್ದು" ಎಂದರು ಭಾವ. ಇರಬಹುದು. ಯಾರಿಗೂ ಅದನ್ನು ಲೆಕ್ಕ ಹಾಕುವ ಮನಸ್ಸಿರಲಿಲ್ಲ. ಧೂಳಿನಲ್ಲಿ ಕೆಮ್ಮುತ್ತ, ನಗುತ್ತ ನಡೆದೇ ಹತ್ತಿದೆವು.

ಮೇಲೆ ಟಾರ್ ರಸ್ತೆಯ ಅಂಚಿನಲ್ಲಿ ಲಾರಿ ನಿಂತಿತ್ತು. ಅಕ್ಕ ಕಿಟಕಿಯ ಮೇಲೆ ಮೊಣಕೈ ಊರಿ ಕಾಯುತ್ತಿದ್ದಳು.

"ಎಂತ, ಇಷ್ಟು ಹೊತ್ತು? ನಿಮ್ಮನ್ನ ನೂಕೋರು ಯಾರೂ ಸಿಗ್ಲಿಲ್ವಾ?"